ಉಪ್ಪಿನ ಋಣ



'ಹೋಟೆಲು' ಎಂಬ ಶಬ್ದ ಕಿವಿಗೆ ಬಿದ್ದೊಡನೆ ನಮಗೆ ಕಾಫಿಯ ಪರಿಮಳವೂ ಮಸಾಲೆದೋಸೆಯ ರುಚಿಯೂ ನೆನಪಿಗೆ ಬರುತ್ತವೆ. ಫ್ರೆಂಚರಿಗೆ ಆ ಶಬ್ದದ ಇನ್ನೊಂದು ಅರ್ಥವೂ ಬಳಕೆಯಲ್ಲಿದೆ. 'ಒತೆಲ್' ಎಂದು ಅವರು ಅದನ್ನು ಉಚ್ಚರಿಸುತ್ತಾರೆ. ಪ್ರಯಾಣಿಕರು ತಂಗುವ ವಸತಿಗೃಹಕ್ಕೂ ಅದೇ ಹೆಸರು; ಹಿಂದಿನ ಕಾಲದ ಸಿರಿವಂತನೊಬ್ಬ ನಗರದ ನಡುವೆ ತನ್ನ ಸಂಸಾರಕ್ಕೆಂದು ಕಟ್ಟಿಸಿಕೊಂಡ ದೊಡ್ಡ ಮನೆಗೂ ಅದೇ ಹೆಸರು. ಇಂಥ ಮನೆಗಳು ಪ್ಯಾರಿಸ್ಸಿನಲ್ಲಿ, ಅದರಲ್ಲಿಯೂ ಸೇನ್ ನದಿಯ ಬಲದಂಡೆಯ 'ಮಾರೆ' ಎಂಬ ಪೇಟೆಯಲ್ಲಿ, ಇಂದಿಗೂ ಹಲವಾರು ನಿಂತಿವೆ. ಅವುಗಳಲ್ಲಿ ಒಂದರ ಕಥೆಯನ್ನು ಈ ಹೊತ್ತು ತಮ್ಮ ಮುಂದಿಡಬೇಕೆಂದಿದ್ದೇನೆ.

ಆ ಮನೆಯ ಹೆಸರು 'ಒತೆಲ್ ಸಾಲೆ'. 'ಸಾಲೆ' ಎಂದರೆ ಫ್ರೆಂಚಿನಲ್ಲಿ ಉಪ್ಪು ಹಾಕಿದ್ದು, ಉಪ್ಪುಪ್ಪಾದದ್ದು ಎಂದರ್ಥ. ನಮ್ಮ ಉತ್ತರ ಕರ್ನಾಟಕದ ಕಡೆಯವರು 'ಸಾಲೆ' ಎಂದರೆ ಮಕ್ಕಳು ಓದುವ ಶಾಲೆ ಎಂದು ತಿಳಿದಾರು. ಅದೂ ಪೂರ್ತಿ ತಪ್ಪೇನಲ್ಲ. ಈ ಮನೆ ತನ್ನ ಆಯುಷ್ಯದಲ್ಲಿ ಮೂರು ಬಾರಿ ಶಾಲೆಯೂ ಆಗಿತ್ತು. ಆದರೆ ಹೆಸರು ಬಂದದ್ದು ಉಪ್ಪಿನಿಂದ. ಆ ಉಪ್ಪಿನ ಕಥೆಗೆ ಬರುವ ಮೊದಲು ನನ್ನ ವಿಷಯವಾಗಿ ಒಂದು ಮಾತನ್ನು ಒಪ್ಪಿಸಿಬಿಡಬೇಕು.

ಹಳೆಯ ಮನೆಗಳನ್ನು ಕುರಿತು ಮಾತನಾಡುವವರು ಸಾಮಾನ್ಯವಾಗಿ ಕೆಡವುವವರನ್ನು ಹಳಿಯುತ್ತಾರೆ. ನನಗೆ ಆ ಅಧಿಕಾರವಿಲ್ಲ. ನನ್ನ ತಾತ ಕಟ್ಟಿಸಿದ ಮನೆಯ ಕ್ರಯಪತ್ರಕ್ಕೆ ಅಣ್ಣತಮ್ಮಂದಿರೊಡನೆ ನಾನೂ ರುಜು ಹಾಕಿದವನು. ಸೂರು ಸೋರುತ್ತಿತ್ತು, ಗೋಡೆ ಬಿರಿದಿತ್ತು, ಪಾಲುದಾರರು ಐವರಿದ್ದೆವು, ಕಾರಣಗಳಿಗೆ ಕೊರತೆಯಿರಲಿಲ್ಲ. ಆ ಜಾಗದಲ್ಲಿ ಈಗ ನಾಲ್ಕಂತಸ್ತಿನ ಕಟ್ಟಡವಿದೆ. ಆದ್ದರಿಂದ, ಪ್ಯಾರಿಸ್ಸಿನಲ್ಲಿರುವ ಮಗಳ ಮನೆಗೆ ಕೆಲವು ವರ್ಷಗಳ ಹಿಂದೆ ಹೋಗಿದ್ದಾಗ, ಮುನ್ನೂರೈವತ್ತು ವರ್ಷ ದಾಟಿಯೂ ನೆಟ್ಟಗೆ ನಿಂತಿದ್ದ ಆ ಮನೆಯ ಎದುರು ನಾನು ನಿಂತದ್ದು ಬರಿಯ ಪ್ರವಾಸಿಯ ಕುತೂಹಲದಿಂದಲ್ಲ. ನಾವು ಉಳಿಸಲಾರದೆ ಹೋದದ್ದನ್ನು ಇವರು ಹೇಗೆ ಉಳಿಸಿದರು, ಉಳಿಸಲು ಏನನ್ನು ತೆತ್ತರು ಎಂಬ ಪ್ರಶ್ನೆ ನನ್ನ ಮನಸ್ಸಿನಲ್ಲಿತ್ತು.

ಮೊದಲು ಮನೆಯ ರೂಪವನ್ನು ಹೇಳುತ್ತೇನೆ. ನಮ್ಮ ತೊಟ್ಟಿಯ ಮನೆಯಲ್ಲಿ ಅಂಗಳ ಮನೆಯ ಹೊಟ್ಟೆಯೊಳಗಿರುತ್ತದೆ. ಹೆಂಗಸರು ಮಕ್ಕಳೆಲ್ಲರ ಬದುಕು ಅದರ ಸುತ್ತಲೇ ನಡೆಯುತ್ತದೆ. ಪ್ಯಾರಿಸ್ಸಿನ ಸಿರಿವಂತರ ಮನೆಯಲ್ಲಿ ಅಂಗಳ ಮನೆಯ ಮುಂದಿರುತ್ತದೆ. ಬೀದಿಯಿಂದ ನೋಡುವವನಿಗೆ ಕಾಣುವುದು ಎತ್ತರದ ಗೋಡೆ ಮತ್ತು ದೊಡ್ಡ ಹೆಬ್ಬಾಗಿಲು. ಬಾಗಿಲು ತೆರೆದರೆ ಕಲ್ಲು ಹಾಸಿದ ಅಂಗಳ. ಬಂದವರ ಸಾರೋಟು ಅಲ್ಲಿ ತಿರುಗಬೇಕು. ಅಂಗಳದಾಚೆಗೆ ಮನೆ, ಮನೆಯ ಬೆನ್ನಿಗೆ ತೋಟ. ಬೀದಿಯ ಗದ್ದಲ ಅಂಗಳದಲ್ಲಿ ನಿಲ್ಲುತ್ತದೆ, ಒಡೆಯನ ನೆಮ್ಮದಿ ತೋಟದ ಕಡೆಗೆ ತೆರೆದುಕೊಳ್ಳುತ್ತದೆ. ತೊರಿನ್ಯಿ ಬೀದಿಯ ಐದನೆಯ ನಂಬರಿನ ಈ ಮನೆಯೂ ಇದೇ ಕ್ರಮದ್ದು. ಒಳಹೊಕ್ಕರೆ ಎದುರಾಗುವ ಮಹಾಸೋಪಾನವೇ ಅದರ ಹೆಮ್ಮೆ. ಅಗಲವಾದ ಮೆಟ್ಟಿಲುಗಳು, ಕಬ್ಬಿಣದ ಕುಸುರಿಯ ಕೈಪಿಡಿ. ತಲೆಯೆತ್ತಿದರೆ ಗೋಡೆಯ ಮೇಲೆ ಹದ್ದುಗಳು, ಹೂಮಾಲೆಗಳು, ಮಕ್ಕಳಂಥ ಗಂಧರ್ವರು. ಅರಮನೆಯ ಮೆಟ್ಟಿಲನ್ನು ಮನೆಯೊಂದು ಎರವಲು ತಂದಂತೆ ಕಾಣುತ್ತದೆ.

ಇದನ್ನು ಕಟ್ಟಿಸಿದವನು ರಾಜನಲ್ಲ, ಹಳೆಯ ಮನೆತನದ ಸರದಾರನೂ ಅಲ್ಲ. ಪಿಯೆರ್ ಓಬೇರ್ ಎಂಬ ಹಣವಂತ. ಫೋಂತೆನೆಯ ಒಡೆಯನೆಂಬ ಬಿರುದನ್ನು ಸಂಪಾದಿಸಿಕೊಂಡವನು. ಅವನ ಉದ್ಯೋಗ ಉಪ್ಪಿನ ತೆರಿಗೆಯ ಗುತ್ತಿಗೆ. ಆ ಕಾಲದ ಫ್ರಾನ್ಸಿನಲ್ಲಿ ಉಪ್ಪಿನ ಮೇಲೆ 'ಗಾಬೆಲ್' ಎಂಬ ಸುಂಕವಿತ್ತು. ಅದನ್ನು ಅರಸು ತಾನೇ ನೇರವಾಗಿ ವಸೂಲು ಮಾಡದೆ ಗುತ್ತಿಗೆದಾರರಿಗೆ ಒಪ್ಪಿಸುತ್ತಿದ್ದ. ಅವರು ಅರಮನೆಗೆ ಗೊತ್ತಾದ ಮೊತ್ತವನ್ನು ಕಟ್ಟಿ, ಪ್ರಜೆಗಳಿಂದ ವಸೂಲಾದ ಹೆಚ್ಚಿನದನ್ನು ತಮ್ಮದಾಗಿಸಿಕೊಳ್ಳುತ್ತಿದ್ದರು. ಕೆಲವು ಪ್ರಾಂತಗಳಲ್ಲಂತೂ ಬೇಕಿರಲಿ ಬೇಡದಿರಲಿ, ಪ್ರತಿಯೊಂದು ಸಂಸಾರವೂ ಇಷ್ಟು ಉಪ್ಪನ್ನು ಕೊಳ್ಳಲೇಬೇಕೆಂಬ ಕಟ್ಟಳೆಯಿತ್ತು. 1930ರಲ್ಲಿ ದಂಡಿಯ ಕಡಲತಡಿಯಲ್ಲಿ ಒಂದು ಹಿಡಿ ಉಪ್ಪನ್ನೆತ್ತಿದ ಮಹಾತ್ಮನ ನಾಡಿನವರಾದ ನಮಗೆ ಆ ಸುಂಕದ ಕಹಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ಹಣದಿಂದ ಓಬೇರ್ 1656ರಲ್ಲಿ ಜಾಗ ಕೊಂಡ. ಝಾನ್ ಬುಲ್ಯೆ ಎಂಬ, ಆಗ ಅಷ್ಟೇನೂ ಹೆಸರಾಗಿರದ ವಾಸ್ತುಶಿಲ್ಪಿಗೆ ಕೆಲಸ ಒಪ್ಪಿಸಿದ. ಮೂರೇ ವರ್ಷಗಳಲ್ಲಿ, 1659ರ ಹೊತ್ತಿಗೆ, ಮನೆ ಎದ್ದು ನಿಂತಿತು. ಊರಿನ ಜನ ಅದನ್ನು ನೋಡಿದರು. ಹಣದ ಮೂಲವನ್ನೂ ಬಲ್ಲವರಾಗಿದ್ದರು. ಒಡೆಯನ ಬಿರುದಿನಿಂದ ಕರೆಯುವ ಬದಲು ಅದಕ್ಕೆ 'ಉಪ್ಪುಮನೆ' ಎಂಬಂಥ ಅಡ್ಡಹೆಸರಿಟ್ಟರು. ಕಲ್ಲಿನಲ್ಲಿ ಕೆತ್ತಿಸಿದ ಹೆಸರುಗಳು ಎಷ್ಟೋ ಅಳಿದುಹೋಗುತ್ತವೆ. ಬೀದಿಯ ಜನ ನಕ್ಕು ಇಟ್ಟ ಹೆಸರು ಮುನ್ನೂರೈವತ್ತು ವರ್ಷಕ್ಕೂ ಮಿಕ್ಕಿ ಉಳಿದಿದೆ.

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬುದು ನಮ್ಮ ಗಾದೆ. ಅದು ಫ್ರಾನ್ಸಿನಲ್ಲಿಯೂ ನಿಜವಾಯಿತು. 1661ರಲ್ಲಿ ಹದಿನಾಲ್ಕನೆಯ ಲೂಯಿ ತನ್ನ ಹಣಕಾಸಿನ ಮೇಲಧಿಕಾರಿಯಾದ ನಿಕೊಲಾ ಫೂಕೆಯನ್ನು ಸೆರೆಗೆ ಹಾಕಿಸಿದ. ಅವನ ನೆರಳಿನಲ್ಲಿ ಬೆಳೆದಿದ್ದ ಹಣವಂತರೆಲ್ಲ ಅವನೊಡನೆ ಉರುಳಿದರು, ಓಬೇರನೂ ಉರುಳಿದ. ಮನೆ ಕಟ್ಟಿ ಎರಡು ವರ್ಷವಾಗಿತ್ತಷ್ಟೆ. ಸಾಲಗಾರರ ವ್ಯಾಜ್ಯ ಅವನು ಸತ್ತ ಮೇಲೂ ದಶಕಗಳ ಕಾಲ ಎಳೆಯಿತು. ಆ ಹೆಬ್ಬಾಗಿಲು ಮಾತ್ರ ಹೊಸ ಹೊಸ ಬಾಡಿಗೆದಾರರಿಗೆ ತೆರೆದುಕೊಳ್ಳುತ್ತ ಹೋಯಿತು.

ಈ ಮನೆ ಯಾವ ಯಾವ ವೇಷ ಹಾಕಿತೆಂಬುದನ್ನು ಕೇಳಿರಿ. 1671ರಲ್ಲಿ ಇದು ವೆನಿಸ್ ಗಣರಾಜ್ಯದ ರಾಯಭಾರಿಯ ನಿವಾಸವಾಯಿತು. ಮುಂದೆ ಕೈಯಿಂದ ಕೈಗೆ ಸಾಗಿ, ಪ್ಯಾರಿಸ್ಸಿನ ಆರ್ಚ್‌ಬಿಷಪ್ಪರಾಗಿದ್ದ ಝುಯಿನ್ಯೆಯವರ ಮನೆತನಕ್ಕೆ ಸೇರಿತು. 1789ರ ಮಹಾಕ್ರಾಂತಿಯ ತರುವಾಯ ಸರಕಾರ ಇದನ್ನು ವಶಪಡಿಸಿಕೊಂಡಿತು. ಮಠಗಳಿಂದ ತಂದ ಪುಸ್ತಕಗಳನ್ನು ಪೇರಿಸಿಡುವ ಉಗ್ರಾಣವಾಯಿತು. ಉಪ್ಪಿನ ಸುಂಕವನ್ನು 1790ರಲ್ಲಿ ಕ್ರಾಂತಿ ತೆಗೆದುಹಾಕಿತಾದರೂ ಆ ಸುಂಕ ಕಟ್ಟಿದ ಮನೆಯನ್ನು ಕೆಡವಲಿಲ್ಲ. ಬಳಿಕ ಹುಡುಗರ ವಸತಿ ಶಾಲೆಯಾಯಿತು. ಮುಂದೆ ಕಾದಂಬರಿಕಾರನಾಗಿ ಪ್ಯಾರಿಸ್ಸಿನ ಹಣವಂತರ ಏಳುಬೀಳುಗಳನ್ನೇ ಬರೆದ ಬಾಲ್ಜಾಕ್ ಇಲ್ಲಿ ಕೆಲಕಾಲ ವಿದ್ಯಾರ್ಥಿಯಾಗಿದ್ದ. 1829ರಿಂದ 1884ರವರೆಗೆ ಯಂತ್ರವಿದ್ಯೆಯನ್ನೂ ಕೈಗಾರಿಕೆಯನ್ನೂ ಕಲಿಸುವ 'ಎಕೋಲ್ ಸಾಂತ್ರಾಲ್' ಎಂಬ ಪ್ರಸಿದ್ಧ ಕಾಲೇಜು ಇಲ್ಲಿ ನಡೆಯಿತು. ಅದು ಹೊರಟುಹೋದ ಮೇಲೆ, 1887ರಿಂದ 1941ರವರೆಗೆ, ಕಂಚಿನ ಎರಕದ ಮತ್ತು ಕಬ್ಬಿಣದ ಕುಸುರಿಯ ಉದ್ಯಮಿಯೊಬ್ಬರು ಇಲ್ಲಿದ್ದರು. 1944ರಿಂದ 1969ರವರೆಗೆ ನಗರಸಭೆಯ ಕರಕುಶಲ ಕಲೆಗಳ ಶಾಲೆ. ಮೂರು ಬಾರಿ 'ಸಾಲೆ'ಯಾಯಿತೆಂದು ಆಗ ಹೇಳಿದೆನಲ್ಲ, ಲೆಕ್ಕ ಸರಿಯಾಯಿತು.

ಕಾಲೇಜಿನ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. 1855ರಲ್ಲಿ ಇಲ್ಲಿಂದ ಪದವಿ ಪಡೆದು ಹೊರಬಿದ್ದ ಹುಡುಗರಲ್ಲಿ ಒಬ್ಬನ ಹೆಸರು ಗುಸ್ತಾವ್ ಐಫೆಲ್. 1889ರಲ್ಲಿ ಮುನ್ನೂರು ಮೀಟರಿನ ಕಬ್ಬಿಣದ ಗೋಪುರವನ್ನೆತ್ತಿ ಹೊಸ ಯುಗವನ್ನು ಸಾರಿದ ಆ ಮನುಷ್ಯ ಪಾಠ ಕಲಿತದ್ದು ಹದಿನೇಳನೆಯ ಶತಮಾನದ ಈ ಕಲ್ಲುಮನೆಯಲ್ಲಿ. ಹಳತು ಹೊಸತುಗಳೆರಡೂ ಹುಟ್ಟು ಹಗೆಗಳೆಂದು ವಾದಿಸುವವರಿಗೆ ಈ ಸಂಗತಿಯನ್ನು ನೆನಪಿಸಬೇಕೆನ್ನಿಸುತ್ತದೆ.

ಇನ್ನು ಪೇಟೆಯ ಕಡೆಗೆ ತಿರುಗೋಣ. 'ಮಾರೆ' ಎಂದರೆ ಜೌಗು ನೆಲ. 1612ರಲ್ಲಿ ಅಲ್ಲಿ ರಾಜಚೌಕ ಉದ್ಘಾಟನೆಯಾದ ಮೇಲೆ ಸಿರಿವಂತರು ಸಾಲುಸಾಲಾಗಿ ಮನೆ ಕಟ್ಟಿಸಿದರು. ಆದರೆ ಅರಸನ ಆಸ್ಥಾನ ವರ್ಸೇಲ್ಸಿಗೆ ಹೋಯಿತು. ಸಿರಿವಂತರು ಮೆಲ್ಲನೆ ನದಿಯ ಆಚೆದಂಡೆಗೆ ಸರಿದರು. ಉಳಿದಿದ್ದವರನ್ನು ಕ್ರಾಂತಿ ಚದುರಿಸಿತು. ಖಾಲಿಬಿದ್ದ ಮನೆಗಳಿಗೆ ಕುಶಲಕರ್ಮಿಗಳು ಬಂದರು. ಟೋಪಿ ಹೊಲಿಯುವವರು, ಚರ್ಮದ ಚೀಲ ಮಾಡುವವರು, ಗಿಲೀಟಿನ ಒಡವೆ ಮಾಡುವವರು, ಪೂರ್ವ ಯುರೋಪಿನಿಂದ ಓಡಿಬಂದ ಬಡ ಯೆಹೂದ್ಯರು. ಸರದಾರನ ದಿವಾನಖಾನೆಯನ್ನು ಹಲಗೆಯ ಗೋಡೆಯಿಂದ ನಾಲ್ಕು ಪಾಲು ಮಾಡಿದರು. ಸಾರೋಟು ತಿರುಗುತ್ತಿದ್ದ ಅಂಗಳದಲ್ಲಿ ಗಾಜಿನ ಸೂರಿನ ಕೊಟ್ಟಿಗೆಗಳೆದ್ದವು. ಆರ್ಚ್‌ಬಿಷಪ್ಪರಿಗೆಂದು ಕಟ್ಟಿದ್ದ 'ಒತೆಲ್ ದ ಸಾನ್ಸ್' ಎಂಬ ಭವನದಲ್ಲಿ ಹಣ್ಣಿನ ಜಾಮು ಮಾಡುವ ಕಾರ್ಖಾನೆಯೂ ನಡೆದಿತ್ತು. ನೋಡುವವರ ಕಣ್ಣಿಗೆ ಇದು ಅವನತಿ. ಆದರೆ ಆ ಜನ ಬಾಡಿಗೆ ಕೊಟ್ಟು ಅಲ್ಲಿರದಿದ್ದರೆ, ಒಡೆಯರಿಲ್ಲದ ಆ ಮನೆಗಳಲ್ಲಿ ಎಷ್ಟು ಉಳಿಯುತ್ತಿದ್ದವೋ! ಈ ಮಾತನ್ನು ದಯಮಾಡಿ ನೆನಪಿನಲ್ಲಿಟ್ಟಿರಿ, ಮುಂದೆ ಬೇಕಾಗುತ್ತದೆ.

ಗಂಡಾಂತರ ಹಲವು ಮುಖಗಳಿಂದ ಬಂತು. 1853ರಿಂದ 1870ರವರೆಗೆ ಪ್ಯಾರಿಸ್ಸಿನ ಆಡಳಿತಾಧಿಕಾರಿಯಾಗಿದ್ದ ಓಸ್ಮಾನ್ ಹಳೆಯ ನಗರವನ್ನು ಸೀಳಿ ವಿಶಾಲವಾದ ನೇರ ರಸ್ತೆಗಳನ್ನು ಹಾಯಿಸಿದ. ಅವನ ಗುದ್ದಲಿ ಮಾರೆಯ ನಡುವನ್ನು ಅಷ್ಟಾಗಿ ಮುಟ್ಟಲಿಲ್ಲ. ವಿಚಿತ್ರವೆಂದರೆ, ಅಲ್ಲಿಯ ಕಾರ್ನವಾಲೆ ಭವನವನ್ನು 1866ರಲ್ಲಿ ನಗರದ ಇತಿಹಾಸದ ವಸ್ತುಸಂಗ್ರಹಾಲಯಕ್ಕೆಂದು ಕೊಳ್ಳುವಂತೆ ಮಾಡಿದವನೂ ಅವನೇ. ಕೆಡವುವವನಿಗೂ ನೆನಪು ಬೇಕಾಗುತ್ತದೆ.

ಇಪ್ಪತ್ತನೆಯ ಶತಮಾನದಲ್ಲಿ ಆರೋಗ್ಯದ ಪ್ರಶ್ನೆ ಬಂತು. ಇಕ್ಕಟ್ಟಾದ, ಬೆಳಕು ಕಾಣದ ಆ ಮನೆಗಳಲ್ಲಿ ಕ್ಷಯರೋಗ ಹರಡಿತ್ತು. ರೋಗದ ಲೆಕ್ಕವನ್ನಿಟ್ಟುಕೊಂಡು ನಗರದ 17 ವಠಾರಗಳನ್ನು ವಾಸಕ್ಕೆ ಯೋಗ್ಯವಲ್ಲವೆಂದು ಗುರುತಿಸಿದರು; ಮಾರೆಯ ದಕ್ಷಿಣ ಭಾಗಕ್ಕೆ ಅದರಲ್ಲಿ ಹದಿನಾರನೆಯ ಸಂಖ್ಯೆ ಬಿತ್ತು. ಕೆಡವಬೇಕೆಂದವರ ವಾದ ಸುಳ್ಳಾಗಿರಲಿಲ್ಲ, ರೋಗ ನಿಜವಾಗಿತ್ತು. ಆದರೆ ಆ ವಾದಕ್ಕೆ ಬಲ ಬಂದದ್ದು ಜರ್ಮನರ ಆಕ್ರಮಣದ ಕರಾಳ ದಿನಗಳಲ್ಲಿ. 1941ರ ತರುವಾಯ ಅಲ್ಲಿಯ ಮನೆಗಳನ್ನು ಸರಕಾರ ವಶಪಡಿಸಿಕೊಳ್ಳತೊಡಗಿತು. ಅಲ್ಲಿಂದ ಹೊರಬಿದ್ದವರಲ್ಲಿ ಯೆಹೂದ್ಯರು ಅನೇಕರಿದ್ದರು. 1942ರ ಜುಲೈಯಲ್ಲಿ ಪೋಲೀಸರು ನಗರದಲ್ಲೆಲ್ಲ ಅವರನ್ನು ಹಿಡಿದು ಸಾವಿನ ಶಿಬಿರಗಳ ದಾರಿಗೆ ಕಳುಹಿಸಿದರು. ನಗರಸುಧಾರಣೆಯ ಕಾಗದಗಳಲ್ಲಿ 'ತೆರವು' ಎಂಬ ಪದವನ್ನು ಓದುವಾಗಲೆಲ್ಲ ಅದರ ಹಿಂದೆ ಯಾರಿದ್ದರೆಂದು ಕೇಳುವುದು ಅಂದಿನಿಂದ ನಾಗರಿಕರ ಕರ್ತವ್ಯವಾಗಿದೆ.

ಇನ್ನೊಂದು ಗಂಡಾಂತರ ಕನಸಿನ ರೂಪದ್ದು. ಮುಂದೆ ನಮ್ಮ ಚಂಡೀಗಢವನ್ನು ಯೋಜಿಸಿದ ಲ ಕಾರ್ಬ್ಯುಸಿಯೇ 1925ರಲ್ಲಿ ಪ್ಯಾರಿಸ್ಸಿಗೊಂದು ನಕ್ಷೆಯನ್ನು ಮುಂದಿಟ್ಟ. ಮೋಟಾರು ಮತ್ತು ವಿಮಾನಗಳನ್ನು ತಯಾರಿಸುತ್ತಿದ್ದ ವ್ವಾಸೇನ್ ಎಂಬಾತನ ಬೆಂಬಲವಿದ್ದುದರಿಂದ ಅದಕ್ಕೆ ಅವನ ಹೆಸರೇ ಬಂತು. ಬಲದಂಡೆಯ ಹಳೆಯ ಪೇಟೆಗಳನ್ನು ಒರೆಸಿಹಾಕಿ, ಆ ಬಯಲಿನಲ್ಲಿ ಶಿಲುಬೆಯಾಕಾರದ 18 ಗಗನಚುಂಬಿಗಳನ್ನು, ಒಂದೊಂದನ್ನೂ 60 ಅಂತಸ್ತಿನಷ್ಟು ಎತ್ತರಕ್ಕೆ, ನಿಲ್ಲಿಸುವ ಆಲೋಚನೆ. ಬೆಳಕು, ಗಾಳಿ, ಹಸಿರು ಎಲ್ಲರಿಗೂ ಸಿಗಲಿ ಎಂಬುದು ಅವನ ಆಶಯ. ಕೆಲವು ಹಳೆಯ ಸ್ಮಾರಕಗಳನ್ನು ಉದ್ಯಾನದ ನಡುವೆ ಉಳಿಸುವುದಕ್ಕೂ ಒಪ್ಪಿದ್ದ. ಬೀದಿ ಹೋಗಿ, ನೆರೆಮನೆ ಹೋಗಿ, ಹುಲ್ಲಿನ ನಡುವೆ ಒಂಟಿಯಾಗಿ ನಿಂತ ಆ ಮನೆಯನ್ನು ಕಲ್ಪಿಸಿಕೊಳ್ಳಿರಿ. ಊರೆಲ್ಲ ಖಾಲಿಯಾದ ಮೇಲೆ ಉಳಿದ ಮುದುಕನಂತೆ ಅದು ಕಂಡೀತು. ಆ ನಕ್ಷೆ ಕಾಗದದಲ್ಲಿಯೇ ಉಳಿಯಿತು. ಆದರೆ ಅದೇ ಜಾತಿಯ ಉತ್ಸಾಹ ಮಹಾಯುದ್ಧದ ಬಳಿಕ ಮತ್ತೆ ಚಿಗುರಿತು.

ಹಳೆಯ ಕಟ್ಟಡಗಳನ್ನು ಕಾಯುವ ಕಾಯಿದೆ ಆಗಲೇ ಫ್ರಾನ್ಸಿನಲ್ಲಿತ್ತು. 1913ರ ಶಾಸನ ಒಂದೊಂದೇ ಸ್ಮಾರಕವನ್ನು ಪಟ್ಟಿಗೆ ಸೇರಿಸಿ ರಕ್ಷಿಸುತ್ತಿತ್ತು. 1943ರಲ್ಲಿ ಅಂಥ ಸ್ಮಾರಕದ ಸುತ್ತ 500 ಮೀಟರಿನೊಳಗಿನ ಬದಲಾವಣೆಗಳಿಗೂ ಅಂಕೆ ಬಂತು. ಆದರೆ ಪಟ್ಟಿಗೆ ಸೇರುವಷ್ಟು ಹೆಸರಿಲ್ಲದ, ಎಲ್ಲವೂ ಸೇರಿದಾಗ ಮಾತ್ರ ಬೆಲೆಯುಳ್ಳ ಸಾಧಾರಣ ಮನೆಗಳ ಪೇಟೆಯೊಂದನ್ನು ಇಡಿಯಾಗಿ ಕಾಯುವ ಉಪಾಯವಿರಲಿಲ್ಲ. ಆ ಕೊರತೆಯನ್ನು ತುಂಬಿದ್ದು 1962ರ ಆಗಸ್ಟ್ 4ರ ಶಾಸನ. ಸಂಸ್ಕೃತಿ ಸಚಿವರಾಗಿದ್ದ ಸಾಹಿತಿ ಆಂದ್ರೆ ಮಾಲ್ರೋ ಅವರ ಹೆಸರಿನಿಂದಲೇ ಅದನ್ನು ಇಂದಿಗೂ ಕರೆಯುತ್ತಾರೆ. ಆ ಶಾಸನ ಹೊಸದೊಂದು ಪರಿಕಲ್ಪನೆಯನ್ನು ತಂದಿತು: ರಕ್ಷಿತ ವಲಯ. ವಲಯವೊಂದು ಘೋಷಣೆಯಾದರೆ ಅದರೊಳಗಿನ ಪ್ರತಿಯೊಂದು ಕಟ್ಟಡವನ್ನೂ ಪರೀಕ್ಷಿಸಿ, ಯಾವುದನ್ನು ಉಳಿಸಬೇಕು, ಯಾವುದನ್ನು ತೆಗೆಯಬಹುದು ಎಂದು ನಕ್ಷೆ ಬರೆಯಬೇಕು. ಸರಕಾರದ ವಾಸ್ತುಶಿಲ್ಪಿಯ ಒಪ್ಪಿಗೆಯಿಲ್ಲದೆ ಯಾರೂ ಕೈಹಾಕುವಂತಿಲ್ಲ. 1964ರಲ್ಲಿ ಲಿಯೋನ್ ನಗರದ ಹಳೆಯ ಪೇಟೆ ಮೊದಲು ರಕ್ಷಿತವಾಯಿತು. ಮಾರೆಯ 126 ಹೆಕ್ಟೇರುಗಳೂ ಬೇಗನೆ ಆ ಸಾಲಿಗೆ ಸೇರಿದವು. 2016ರ ಶಾಸನವೊಂದು ಆ ವಲಯಗಳ ಹೆಸರನ್ನು ಬದಲಿಸಿದೆ. ತತ್ವ ಹಾಗೆಯೇ ಉಳಿದಿದೆ.

ಇದೆಲ್ಲ ಎಷ್ಟು ಸಕಾಲಿಕವಾಗಿತ್ತೆಂಬುದಕ್ಕೆ ಅದೇ ನಗರದಲ್ಲಿ ಎರಡು ನಿದರ್ಶನಗಳಿವೆ. ಮಾರೆಗೆ ಹತ್ತಿರದಲ್ಲಿಯೇ ಇದ್ದ, ಬಾಲ್ತಾರ್ ಎಂಬ ಶಿಲ್ಪಿ ಕಬ್ಬಿಣ ಮತ್ತು ಗಾಜಿನಿಂದ ಕಟ್ಟಿದ್ದ ದೊಡ್ಡ ಮಾರುಕಟ್ಟೆಯ ಮಂಟಪಗಳನ್ನು, ವ್ಯಾಪಾರ 1969ರಲ್ಲಿ ಊರಾಚೆಗೆ ಹೋದ ಮೇಲೆ, ಜನರ ವಿರೋಧವನ್ನು ಲೆಕ್ಕಿಸದೆ 1971ರಿಂದ ಕೆಡವಿದರು. ಆ ಗಾಯವನ್ನು ಪ್ಯಾರಿಸ್ಸಿನವರು ಇನ್ನೂ ಮರೆತಿಲ್ಲ. 1973ರಲ್ಲಿ ಮೋನ್‌ಪಾರ್ನಾಸಿನ 210 ಮೀಟರಿನ ಗೋಪುರ ಎದ್ದು ನಿಂತಿತು. ಅದನ್ನು ಕಂಡು ಬೇಸತ್ತ ನಗರ 1977ರಲ್ಲಿ ಕಟ್ಟಡಗಳ ಎತ್ತರಕ್ಕೇ ಮಿತಿ ಹಾಕಿತು.

ಇಂಥ ಕಾಲದಲ್ಲಿ ನಮ್ಮ ಉಪ್ಪುಮನೆಯ ಸ್ಥಿತಿ ಏನಾಗಿತ್ತು? 1964ರಲ್ಲಿ ನಗರಸಭೆ ಅದನ್ನು ಕೊಂಡಿತು. 1968ರಲ್ಲಿ ಐತಿಹಾಸಿಕ ಸ್ಮಾರಕಗಳ ಪಟ್ಟಿಗೆ ಸೇರಿತು. ಅಷ್ಟಕ್ಕೇ ಮನೆ ಉಳಿದಂತಾಗುವುದಿಲ್ಲ. ಪಟ್ಟಿ ಕೆಡವುವವನ ಕೈಯನ್ನು ಹಿಡಿದೀತು. ಸೋರುವ ಸೂರನ್ನು ಮುಚ್ಚಲಾರದು. ವಾಸವಿಲ್ಲದ ಮನೆ ತಾನಾಗಿಯೇ ಸಾಯುತ್ತದೆ, ಇದು ನನ್ನ ಸ್ವಂತ ಅನುಭವ. ಮನೆಗೆ ಕೆಲಸ ಬೇಕು. ಆ ಕೆಲಸ ಅನಿರೀಕ್ಷಿತವಾದ ಕಡೆಯಿಂದ ಒದಗಿತು.

1968ರಲ್ಲಿಯೇ ಫ್ರಾನ್ಸಿನಲ್ಲಿ ಇನ್ನೊಂದು ಶಾಸನವಾಗಿತ್ತು. ಪಿತ್ರಾರ್ಜಿತ ಆಸ್ತಿಯ ಮೇಲಿನ ತೆರಿಗೆಯನ್ನು ಹಣದ ಬದಲು ಶ್ರೇಷ್ಠ ಕಲಾಕೃತಿಗಳ ರೂಪದಲ್ಲಿ ಸಲ್ಲಿಸಬಹುದೆಂದು ಅದು ಹೇಳಿತು. 1973ರ ಏಪ್ರಿಲಿನಲ್ಲಿ ಪಿಕಾಸೊ ತೀರಿಕೊಂಡರು. ತಮ್ಮ ಕೃತಿಗಳಲ್ಲಿ ಅಸಂಖ್ಯವನ್ನು ಅವರು ತಮ್ಮಲ್ಲಿಯೇ ಇಟ್ಟುಕೊಂಡಿದ್ದರು. ಅವರ ವಾರಸುದಾರರು ತೆರಿಗೆಯಾಗಿ 200ಕ್ಕೂ ಹೆಚ್ಚು ವರ್ಣಚಿತ್ರಗಳನ್ನೂ, ಜೊತೆಗೆ ಶಿಲ್ಪಗಳನ್ನೂ ಸಾವಿರಾರು ರೇಖಾಚಿತ್ರ ಮುದ್ರಾಚಿತ್ರಗಳನ್ನೂ ಸರಕಾರಕ್ಕೆ ಒಪ್ಪಿಸಿದರು. ಅವುಗಳನ್ನಿಡಲು ಸ್ಥಳ ಬೇಕಾಯಿತು. ಸ್ಥಳವಾಗಿ ಈ ಮನೆಯನ್ನು ಆರಿಸಿದರು. ಪಿಕಾಸೊ ತಾವೂ ಹದಿನೇಳನೆಯ ಶತಮಾನದ ಒಂದು ಮನೆಯಲ್ಲಿದ್ದುಕೊಂಡು 1937ರಲ್ಲಿ 'ಗೆರ್ನಿಕಾ' ಬರೆದವರು. ಹಳೆಯ ಗೋಡೆ ಹೊಸ ಚಿತ್ರಕ್ಕೆ ಪರಕೀಯವೇನಾಗಿರಲಿಲ್ಲ. ಹೀಗೆ, ಬಡವರ ಉಪ್ಪಿನ ಮೇಲಿನ ಸುಂಕದಿಂದ ಎದ್ದ ಮನೆ, ಚಿತ್ರಗಾರನೊಬ್ಬನ ಆಸ್ತಿಯ ಮೇಲಿನ ತೆರಿಗೆಯಿಂದ ತುಂಬಿತು. ಮೊದಲಿನ ತೆರಿಗೆ ಒಬ್ಬನ ಪಾಲಾಗಿತ್ತು. ಎರಡನೆಯದು ಟಿಕೀಟು ಕೊಂಡು ಒಳಬರುವ ಯಾರ ಪಾಲಿಗೂ ಸಿಗುವಂತಾಯಿತು. ಮುನ್ನೂರು ವರ್ಷಗಳಲ್ಲಿ ಮನುಷ್ಯಕುಲ ಇಷ್ಟಾದರೂ ಮುಂದುವರಿದಿದೆಯಲ್ಲ ಎಂದು ಆ ಮೆಟ್ಟಿಲಿನ ಬುಡದಲ್ಲಿ ನಿಂತು ನನಗನ್ನಿಸಿತು.

ಮನೆಯನ್ನು ಹೊಸ ಕೆಲಸಕ್ಕೆ ಸಿದ್ಧಪಡಿಸಿದ ಕ್ರಮವೂ ಗಮನಿಸತಕ್ಕದ್ದು. ಮೊದಲು ಕಾಲೇಜು ಕಾರ್ಖಾನೆಗಳ ದಿನಗಳಲ್ಲಿ ಮಾಡಿದ್ದ ಅಡ್ಡಗೋಡೆಗಳನ್ನು ತೆಗೆದು ಕಲ್ಲನ್ನೂ ಶಿಲ್ಪವನ್ನೂ ಸ್ವಸ್ಥಗೊಳಿಸಿದರು. ಅನಂತರ ರೊಲಾಂ ಸಿಮುನೆ ಎಂಬ ವಾಸ್ತುಶಿಲ್ಪಿ ವಸ್ತುಸಂಗ್ರಹಾಲಯಕ್ಕೆ ಬೇಕಾದುದನ್ನು ಒಳಗೆ ಜೋಡಿಸಿದರು. ಅವರು ಹದಿನೇಳನೆಯ ಶತಮಾನವನ್ನು ಅನುಕರಿಸಲು ಹೋಗಲಿಲ್ಲ. ಬಿಳಿಯ ಸರಳ ಗೋಡೆಗಳು, ಮೆಲ್ಲನೆ ಏರುವ ಇಳಿಜಾರುಗಳು. ನೋಡಿದೊಡನೆ ಇದು ಹೊಸದೆಂದು ತಿಳಿಯುತ್ತದೆ. ಹೊಸತು ತಾನು ಹೊಸತೆಂದು ಮರ್ಯಾದೆಯಿಂದ ಒಪ್ಪಿಕೊಂಡು ಹಳೆಯದರ ಪಕ್ಕದಲ್ಲಿ ಕುಳಿತಿದೆ. ದೀಪಗಳನ್ನೂ ಪೀಠೋಪಕರಣಗಳನ್ನೂ ಡಿಯೆಗೊ ಜಾಕೊಮೆಟ್ಟಿ ಎಂಬ ಶಿಲ್ಪಿ ಮಾಡಿಕೊಟ್ಟರು. 1985ರಲ್ಲಿ ವಸ್ತುಸಂಗ್ರಹಾಲಯ ತೆರೆಯಿತು. 2009ರಲ್ಲಿ ಮತ್ತೆ ದುರಸ್ತಿಗೆಂದು ಮುಚ್ಚಿ, ಎಣಿಸಿದ್ದಕ್ಕಿಂತ ಹೆಚ್ಚು ಕಾಲವನ್ನೂ ಹಣವನ್ನೂ ನುಂಗಿ, 2014ರ ಅಕ್ಟೋಬರಿನಲ್ಲಿ ಪುನಃ ತೆರೆಯಿತು. ಹಳೆಯ ಮನೆಯನ್ನು ಒಮ್ಮೆ ಉಳಿಸಿ ಕೈತೊಳೆದುಕೊಳ್ಳುವಂತಿಲ್ಲ; ಪ್ರತಿಯೊಂದು ತಲೆಮಾರೂ ಮತ್ತೆ ಉಳಿಸಬೇಕು.

ಇಷ್ಟಕ್ಕೇ ನನ್ನ ಮಾತು ಮುಗಿದಿದ್ದರೆ ಇದೊಂದು ಮಂಗಳಕರವಾದ ಕಥೆಯಾಗುತ್ತಿತ್ತು. ಆದರೆ ಮನೆಯ ಹಿಂದಿರುವ ಪುಟ್ಟ ಸಾರ್ವಜನಿಕ ಉದ್ಯಾನದಲ್ಲಿ ಒಂದು ಮಧ್ಯಾಹ್ನ ನನಗೆ ಒಬ್ಬ ವೃದ್ಧರ ಭೇಟಿಯಾಯಿತು. ವಯಸ್ಸು ಎಂಬತ್ತರ ಹತ್ತಿರವಿದ್ದೀತು. ಅವರ ಇಂಗ್ಲಿಷೂ ನನ್ನ ಫ್ರೆಂಚೂ ಅಷ್ಟಕ್ಕಷ್ಟೆ. ನಡುವೆ ನನ್ನ ಮಗಳು ಕುಳಿತು ಮಾತನ್ನು ದಾಟಿಸಿದಳು. ನಾನು ಆ ಮನೆಯನ್ನು ಹೊಗಳಿದೆ. ಅವರು ತಲೆದೂಗಿ, ತಾವು ಅದೇ ಪೇಟೆಯಲ್ಲಿ ಹುಟ್ಟಿ ಬೆಳೆದವರೆಂದರು. ನಾಲ್ಕು ಬೀದಿಯಾಚೆ ಇನ್ನೊಂದು ಹಳೆಯ ಭವನದ ಅಂಗಳದಲ್ಲಿ ಅವರ ತಂದೆಯ ಕಾರ್ಯಾಗಾರವಿತ್ತು. ಚರ್ಮದ ಕೈಚೀಲಗಳನ್ನು ಹೊಲಿಯುತ್ತಿದ್ದರು. ಮೂರನೆಯ ಅಂತಸ್ತಿನ ಎರಡು ಕೋಣೆಗಳಲ್ಲಿ ಸಂಸಾರ. ನೀರಿನ ನಲ್ಲಿ ಮೆಟ್ಟಿಲ ತಿರುವಿನಲ್ಲಿ, ನಾಲ್ಕು ಮನೆಗಳಿಗೂ ಅದೊಂದೇ.

ಮಾರೆಯ ರಕ್ಷಣೆಯ ನಕ್ಷೆ ಬಂದಾಗ ಪಂಡಿತರು ಆ ಭವನಗಳನ್ನು ಮೊದಲಿನ ರೂಪಕ್ಕೆ ತರಬೇಕೆಂದರು. ಅಂಗಳಗಳಲ್ಲಿ ಬೆಳೆದಿದ್ದ ಕೊಟ್ಟಿಗೆಗಳನ್ನು ತೆಗೆಯುವ ಕೆಲಸಕ್ಕೆ ವೈದ್ಯರು ಬಳಸುವ ಪದವೊಂದನ್ನು ಆರಿಸಿದರು. ಕೀವು ಕಟ್ಟಿದ ಭಾಗವನ್ನು ಕೆರೆದು ತೆಗೆಯುವುದು ಎಂಬಂಥ ಅರ್ಥ ಅದಕ್ಕೆ. ಆ ವೃದ್ಧರ ತಂದೆಯ ಕಾರ್ಯಾಗಾರವೂ ಹಾಗೆ 1970ರ ಸುಮಾರಿಗೆ ಹೋಯಿತು. ಸಂಸಾರ ನಗರದ ಹೊರವಲಯಕ್ಕೆ ಹೋಯಿತು. ಅಂಗಳ ಈಗ ಬಹಳ ಸುಂದರವಾಗಿದೆ. ಹೆಬ್ಬಾಗಿಲು ತೆರೆದಿದ್ದರೆ ತಾವೂ ಇಣುಕಿ ನೋಡುವುದುಂಟೆಂದರು.

"ನಿಮಗೆ ಸಿಟ್ಟಿಲ್ಲವೇ?" ಎಂದು ಕೇಳಿದೆ.

ಅವರು ಸ್ವಲ್ಪ ಯೋಚಿಸಿ ಹೀಗೆಂದರು: "ಆ ಥಂಡಿಯ ಕೋಣೆಗಳನ್ನು ಬಿಟ್ಟದ್ದಕ್ಕೆ ನನ್ನ ತಾಯಿ ಒಂದು ದಿನವೂ ಮರುಗಲಿಲ್ಲ. ತಂದೆ ಮಾತ್ರ ಮತ್ತೆ ಅಂಗಡಿ ಹೂಡಲಿಲ್ಲ. ಗೋಡೆಯ ಮೇಲಿನ ಆ ಶಿಲ್ಪಗಳ ಕೆಳಗೆ ಮೂವತ್ತು ವರ್ಷ ದುಡಿದರು. ಗಾಜಿನ ಸೂರು ಅಡ್ಡವಿದ್ದುದರಿಂದ ಅವರು ಅವನ್ನು ಸರಿಯಾಗಿ ನೋಡಲೇ ಇಲ್ಲ. ಈಗ ಬಾಗಿಲಲ್ಲಿ ಒಂದು ಫಲಕವಿದೆ. ಕಟ್ಟಿಸಿದವರ ಹೆಸರಿದೆ, ಕೊಂಡವರ ಹೆಸರಿದೆ. ನಡುವಿನ ನೂರೈವತ್ತು ವರ್ಷ ಆ ಮನೆಯಲ್ಲಿ ಯಾರೂ ಇರಲಿಲ್ಲವೆಂಬಂತೆ ಬರೆದಿದ್ದಾರೆ, ಸ್ವಾಮಿ."

ನಾನು ಸುಮ್ಮನೆ ಕುಳಿತೆ. ಉತ್ತರ ಹೊಳೆಯಲಿಲ್ಲ. ಮಾರೆಯ ಬೀದಿಗಳಲ್ಲಿ ಅಂದು ಕಂಡಿದ್ದ ದುಬಾರಿ ಅಂಗಡಿಗಳು, ಹೊಳೆಯುವ ಕಿಟಕಿಗಳು ಕಣ್ಣ ಮುಂದೆ ಬಂದವು. ಕಲ್ಲು ಚೊಕ್ಕಟವಾದಂತೆ ಬಾಡಿಗೆ ಏರುತ್ತದೆ. ಬಾಡಿಗೆ ಏರಿದಂತೆ ಹಳೆಯ ಕಸಬುಗಳು ಊರು ಬಿಡುತ್ತವೆ. ಇದು ಯಾರೋ ಒಬ್ಬರ ದುಷ್ಟತನದಿಂದಾದುದಲ್ಲ. ಮನೆಯನ್ನು ಪ್ರೀತಿಸಿದವರೇ, ಪ್ರೀತಿಯ ಭರದಲ್ಲಿ, ಮನೆಯ ಇತಿಹಾಸದ ಒಂದೇ ಒಂದು ಪುಟವನ್ನು ಆರಿಸಿಕೊಂಡು ಉಳಿದವನ್ನು ಹರಿದುಹಾಕಿದ್ದರು.

ನ್ಯಾಯವಾಗಿ ಹೇಳಬೇಕಾದರೆ ಫ್ರೆಂಚರು ಈ ತಪ್ಪನ್ನು ತಾವೇ ಕಂಡುಕೊಂಡರು. ಅಂಗಳ ಕೆರೆಯುವ ಉತ್ಸಾಹಕ್ಕೆ ವಿರೋಧ ಹುಟ್ಟಿತು, ಕೆಲಸ ನಿಧಾನವಾಯಿತು. 1960ರ ದಶಕದಲ್ಲಿ ತೊಡಗಿದ ನಕ್ಷೆಗೆ ಅಂತಿಮ ಒಪ್ಪಿಗೆ ಸಿಕ್ಕಿದ್ದು 1996ರಲ್ಲಿ. ಅದನ್ನು 2013ರಲ್ಲಿ ಪರಿಷ್ಕರಿಸಿದಾಗ ಹತ್ತೊಂಬತ್ತು, ಇಪ್ಪತ್ತನೆಯ ಶತಮಾನಗಳ ಕಟ್ಟಡಗಳಿಗೂ, ಕುಶಲಕರ್ಮಿಗಳ ಕಾಲದ ಕುರುಹುಗಳಿಗೂ ಬೆಲೆ ಕೊಡಬೇಕೆಂಬ ವಿವೇಕ ಅದರಲ್ಲಿ ಸೇರಿತು. ಕೊಟ್ಟಿಗೆಯೂ ಇತಿಹಾಸವೇ ಎಂದು ಒಪ್ಪಿಕೊಳ್ಳಲು ಐವತ್ತು ವರ್ಷ ಬೇಕಾಯಿತು.

ಹಾಗಾದರೆ ಉಳಿಸುವುದೆಂದರೇನು? ಆ ಮನೆಯನ್ನು ಕಂಡು ಬಂದ ಮೇಲೆ ನನಗೆ ತೋರಿದ್ದು ಇಷ್ಟು. ಮನೆ ಉಳಿಯುವುದು ಅದಕ್ಕೆ ಕೆಲಸ ಕೊಟ್ಟವರಿಂದ. ಓಬೇರ್ ಕಟ್ಟಿಸಿದ, ಎರಡು ವರ್ಷದಲ್ಲಿ ಕಳೆದುಕೊಂಡ. ಅದನ್ನು ನಿಜವಾಗಿ ಉಳಿಸಿದವರು ಬಾಡಿಗೆ ತೆತ್ತ ರಾಯಭಾರಿ, ಗಣಿತ ಬರೆದ ವಿದ್ಯಾರ್ಥಿಗಳು, ಕಂಚು ಕರಗಿಸಿದ ಕೆಲಸಗಾರರು. ಅವರು ಮೆಟ್ಟಿಲನ್ನು ಸವೆಸಿದರು, ಗೋಡೆಗೆ ಮೊಳೆ ಹೊಡೆದರು, ಸೂರು ಸೋರಿದಾಗ ತೇಪೆ ಹಾಕಿದರು. ಉಪ್ಪ ತೆರಿಗೆ ಕೊಟ್ಟ ಹಳ್ಳಿಗರದ್ದು ಆ ಮನೆಯಲ್ಲಿ ಒಂದು ಪಾಲಾದರೆ, ಅಲ್ಲಿ ಬೆವರು ಸುರಿಸಿದವರದ್ದು ಇನ್ನೊಂದು ಪಾಲು. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎಂದು ನಮ್ಮ ಹಿರಿಯರು ಹೇಳಿದರು. ಮುಪ್ಪು ಮುಟ್ಟಿದ ಮನೆಗೂ ಆ ಮಾತು ಅನ್ವಯಿಸುತ್ತದೆ. ಅದನ್ನು ಉಳಿಸುವವರು ಶಿಲ್ಪವನ್ನು ತೊಳೆದರೆ ಸಾಲದು, ಆ ಋಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ನನ್ನ ತಾತನ ಮನೆಗೆ ನಾವು ಕೆಲಸವನ್ನು ಹುಡುಕಲಿಲ್ಲ. ಐವರಿಗೂ ಅದರಿಂದ ಏನು ಬರುತ್ತದೆಂದು ಕೇಳಿಕೊಂಡೆವು. ಅದಕ್ಕೆ ನಾವೇನು ಕೊಡಬಲ್ಲೆವೆಂದು ಒಬ್ಬರೂ ಕೇಳಲಿಲ್ಲ. ಆ ಮನೆಯ ಹಿತ್ತಿಲ ಕೋಣೆಯಲ್ಲಿ ಹದಿನೆಂಟು ವರ್ಷ ಬಾಡಿಗೆಗಿದ್ದು ಬಟ್ಟೆ ಹೊಲಿಯುತ್ತಿದ್ದವರೊಬ್ಬರಿದ್ದರು. ಮಾರಾಟವಾದಾಗ ಅವರು ಎಲ್ಲಿಗೆ ಹೋದರೆಂದು ನಾನು ವಿಚಾರಿಸಿರಲಿಲ್ಲ. ಪ್ಯಾರಿಸ್ಸಿನ ಆ ಉದ್ಯಾನದಲ್ಲಿ ಕುಳಿತಾಗ, ಎಷ್ಟೋ ವರ್ಷಗಳ ಮೇಲೆ, ಅವರ ಹೊಲಿಗೆಯಂತ್ರದ ಸದ್ದು ನನಗೆ ನೆನಪಾಯಿತು.

ಆ ವೃದ್ಧರು ಎದ್ದು ಹೊರಟಾಗ ನಾನೂ ಎದ್ದೆ. ಅವರು ಹೆಬ್ಬಾಗಿಲಿನವರೆಗೆ ನಮ್ಮೊಡನೆ ಬಂದರು. "ಒಳಗೆ ಮೆಟ್ಟಿಲನ್ನು ನೋಡಿದಿರಾ?" ಎಂದು ಕೇಳಿದರು. ನೋಡಿದೆನೆಂದೆ. "ಇನ್ನೊಮ್ಮೆ ನೋಡಿ. ಗೋಡೆಯನ್ನು ಎಲ್ಲರೂ ನೋಡುತ್ತಾರೆ. ನೀವು ಕಲ್ಲಿನ ಮೇಲೆ ಕಾಲು ಸವೆಸಿದ ಗುರುತನ್ನು ನೋಡಿ" ಎಂದು ಹೇಳಿ ಕೈಬೀಸಿ ಹೋದರು.

ಮರುದಿನ ನಾನು ಪುನಃ ಹೋಗಿ ನೋಡಿದೆ.